ಎಷ್ಟು ಕಷ್ಟವಾಯಿತು? ಸ್ನಾಯುವಿನ ಅಳತೆಯಲ್ಲಿ ಕ್ರೀಡಾಪಟುವಿನ ಮಾತಿಗಿರುವ ಬೆಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಮಾಡಿದ ವ್ಯಾಯಾಮ ಎಷ್ಟು ಕಷ್ಟವೆನಿಸಿತು ಎಂಬುದನ್ನು ಕ್ರೀಡಾಪಟುವೇ ಒಂದು ಅಂಕಿಯಲ್ಲಿ ಹೇಳುವ ಪದ್ಧತಿ ಅದು. ತರಬೇತಿಯ ಮಾತಿನಲ್ಲಿ ಅದಕ್ಕೆ ರೇಟಿಂಗ್ ಆಫ್ ಪರ್ಸೀವ್ಡ್ ಎಕ್ಸರ್ಷನ್, ಚುಟುಕಾಗಿ ಆರ್‌ಪಿಇ ಎನ್ನುತ್ತಾರೆ. ಕೋಚ್‌ಗಳು, ಫಿಸಿಯೋಥೆರಪಿ ಓದುತ್ತಿರುವವರು, ಆಟಗಾರರು, ಒಬ್ಬ ತಾಯಿ ಎಲ್ಲರೂ ಬೇರೆ ಬೇರೆ ಕಡೆಯಿಂದ ಇದನ್ನೇ ಕೇಳಿದ್ದಾರೆ. ಹಾಗಾಗಿ ಇಡೀ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಓಟಗಾರರಿಗೆ ತರಬೇತಿ ಕೊಡುತ್ತೇನೆ. ನಾಡಿಬಡಿತ ನೋಡುವ ಪಟ್ಟಿ ಇದೆ, ಗಡಿಯಾರ ಇದೆ. ಇಷ್ಟಿರುವಾಗ ‘ಎಷ್ಟು ಕಷ್ಟವಾಯಿತು, ಒಂದು ಅಂಕಿ ಹೇಳು’ ಎಂದು ಹುಡುಗರನ್ನು ಕೇಳುವುದು ಬರೀ ಅನಿಸಿಕೆಯನ್ನು ಬರೆದುಕೊಂಡಂತೆ ಆಗುವುದಿಲ್ಲವೇ?

ಉತ್ತರ: ಅದು ಅನಿಸಿಕೆಯೇ. ಆದರೆ ಅನಿಸಿಕೆ ಎಂದ ಮಾತ್ರಕ್ಕೆ ಅದನ್ನು ಅಳೆಯಲಾಗದು ಎಂದು ತೀರ್ಮಾನಿಸಬೇಕಾಗಿಲ್ಲ. ಬೆಳಕಿನ ಪ್ರಖರತೆ, ಶಬ್ದದ ಜೋರು, ಕೈಯಲ್ಲಿ ಹಿಡಿದ ವಸ್ತುವಿನ ಭಾರ ಇವೆಲ್ಲ ಮನುಷ್ಯನಿಗೆ ಎಷ್ಟೆಂದು ತೋರುತ್ತವೆ, ಹೊರಗಿನ ಪ್ರಮಾಣ ಬದಲಾದಾಗ ಆ ತೋರಿಕೆ ಯಾವ ನಿಯಮದಂತೆ ಬದಲಾಗುತ್ತದೆ ಎಂಬುದನ್ನು ಅಧ್ಯಯನ ಮಾಡುವ ಮನೋಭೌತಶಾಸ್ತ್ರ ಎಂಬ ಶಾಖೆಯೇ ಇದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಆ ಶಾಸ್ತ್ರದ ವಿಧಾನಗಳನ್ನು ದೇಹಶ್ರಮಕ್ಕೆ ಅನ್ವಯಿಸಿದರು. ಅವರು ರೂಪಿಸಿದ ಮಾಪಕ 6ರಿಂದ ಆರಂಭವಾಗಿ 20ಕ್ಕೆ ಮುಗಿಯುತ್ತದೆ. 6 ಎಂದರೆ ಶ್ರಮವೇ ಇಲ್ಲ, 13 ಎಂದರೆ ತುಸು ಕಷ್ಟ, 15 ಎಂದರೆ ಕಷ್ಟ, 17 ಎಂದರೆ ತುಂಬ ಕಷ್ಟ, 20 ಎಂದರೆ ಇದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಆರರಿಂದಲೇ ಏಕೆ ಎಂದು ಹೊಸದಾಗಿ ನೋಡಿದವರೆಲ್ಲ ಕೇಳುತ್ತಾರೆ. ಆರೋಗ್ಯವಂತ ಯುವಕ ಸುಮ್ಮನೆ ಕುಳಿತಾಗ ನಾಡಿಬಡಿತ ನಿಮಿಷಕ್ಕೆ ಸುಮಾರು 60, ಪೂರ್ತಿ ಶಕ್ತಿ ಹಾಕಿದಾಗ ಸುಮಾರು 200. ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ನಾಡಿಬಡಿತದ ಅಂದಾಜು ಸಿಗಲಿ ಎಂಬ ಉದ್ದೇಶದಿಂದ ಹಾಗೆ ಮಾಡಲಾಯಿತು.

ಆ ಅಂದಾಜಿಗೂ ಮಿತಿಯಿದೆ ಎಂಬುದನ್ನು ಮುಚ್ಚಿಡಬಾರದು. 2002ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ, ಆರ್‌ಪಿಇಗೂ ನಾಡಿಬಡಿತಕ್ಕೂ ಇರುವ ಸಹಸಂಬಂಧ (ಎರಡೂ ಪೂರ್ತಿ ಜೊತೆಜೊತೆಯಾಗಿ ಏರಿಳಿದರೆ 1, ನಂಟೇ ಇಲ್ಲದಿದ್ದರೆ 0) ಸರಾಸರಿ 0.62ರಷ್ಟು ಎಂದು ಕಂಡಿತು. ಅದಕ್ಕೆ ಮುಂಚೆ ಅದು 0.8ರಿಂದ 0.9ರವರೆಗೆ ಇದೆಯೆಂದು ನಂಬಲಾಗಿತ್ತು. ಇದನ್ನು ಆರ್‌ಪಿಇಯ ಸೋಲೆಂದು ಓದುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅದು ನಾಡಿಬಡಿತವನ್ನೇ ಮತ್ತೊಮ್ಮೆ ಹೇಳುವ ಅಂಕಿಯಾಗಿದ್ದರೆ ನಿಮ್ಮ ಎದೆಪಟ್ಟಿಯೊಂದೇ ಸಾಕಾಗುತ್ತಿತ್ತು. ಕೊಟ್ಟ ಒಂದು ಕೆಲಸವನ್ನು ಮುಗಿಸಲು ಈ ದೇಹ ಈ ದಿನ ಎಷ್ಟು ಬೆಲೆ ತೆರಬೇಕಾಯಿತು ಎಂಬುದನ್ನು ಅದು ಹೇಳುತ್ತದೆ. ಆ ಬೆಲೆಯಲ್ಲಿ ಹೃದಯದ ಪಾಲು ಒಂದು ಭಾಗ ಮಾತ್ರ.

ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ ಇದು. ಅಂಕಿಯನ್ನು ಎಂದೂ ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಇಂದು 15’ ಎಂಬ ಬರಹಕ್ಕೆ ಅರ್ಥವಿಲ್ಲ. ‘400 ಮೀಟರನ್ನು 80 ಸೆಕೆಂಡಿನಲ್ಲಿ, ಆರನೆಯ ಸುತ್ತು, 15’ ಎಂದರೆ ಅರ್ಥವಿದೆ. ಮೂರು ವಾರಗಳ ನಂತರ ಅದೇ ಆರನೆಯ ಸುತ್ತಿಗೆ, ಅದೇ ವೇಗಕ್ಕೆ ಅವನು 13 ಎಂದರೆ ಸ್ನಾಯು ಮುಂದುವರಿದಿದೆ ಎಂದು ತಿಳಿಯಬಹುದು, 17 ಎಂದರೆ ಏನೋ ಹದಗೆಟ್ಟಿದೆ ಎಂದು ಎಚ್ಚರಗೊಳ್ಳಬಹುದು.

ಪ್ರಶ್ನೆ: ಫಿಸಿಯೋಥೆರಪಿ ವಿದ್ಯಾರ್ಥಿನಿ ನಾನು. ಶ್ರಮದ ಅನುಭವ ಸ್ನಾಯುವಿನಿಂದ ಮೇಲಕ್ಕೆ ಬರುತ್ತದೆಯೇ, ಅಥವಾ ಮಿದುಳಿನಲ್ಲೇ ಹುಟ್ಟುತ್ತದೆಯೇ? ಪುಸ್ತಕಗಳು ಎರಡನ್ನೂ ಹೇಳುತ್ತವೆ.

ಉತ್ತರ: ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಇದನ್ನು ಬಿಡಿಸಿಕೊಳ್ಳದೆ ಆರ್‌ಪಿಇಯನ್ನು ಸ್ನಾಯುವಿನ ಅಳತೆಗೆ ಬಳಸಿದರೆ ಏನನ್ನು ಅಳೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಮೊದಲು ನಿಮ್ಮ ಮೇಲೆಯೇ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನೀರು ತುಂಬಿದ ಬಾಟಲಿಯೊಂದನ್ನು ತೋಳು ನೀಟಾಗಿ ಚಾಚಿ ಭುಜದ ಮಟ್ಟದಲ್ಲಿ ಹಿಡಿದುಕೊಳ್ಳಿ. ಮೊದಲ ಹತ್ತು ಸೆಕೆಂಡು ಅದರ ಇರವೇ ಗೊತ್ತಾಗುವುದಿಲ್ಲ. ಒಂದು ನಿಮಿಷ ಕಳೆಯುವಷ್ಟರಲ್ಲಿ ಭುಜ ಬಿಗಿಯುತ್ತದೆ, ಎರಡನೆಯ ನಿಮಿಷದಲ್ಲಿ ಮೊಣಕೈ ತಾನಾಗಿ ಮಡಚಲು ನೋಡುತ್ತದೆ, ಬಾಟಲಿಯೊಳಗಿನ ನೀರಿನ ಮೇಲ್ಮೈ ನಡುಗತೊಡಗುತ್ತದೆ. ಬಾಟಲಿಯ ತೂಕ ಒಂದು ಗ್ರಾಂ ಕೂಡ ಹೆಚ್ಚಿಲ್ಲ, ನಿಮ್ಮ ಸ್ನಾಯು ಕೊಡುತ್ತಿರುವ ಬಲವೂ ಅಷ್ಟೇ ಇದೆ. ಆದರೂ ಅದು ಭಾರವಾಗಿದೆ. ಹಾಗಾದರೆ ಹೆಚ್ಚಿದ್ದು ಯಾವುದು?

ಹೆಚ್ಚಿದ್ದು ಮಿದುಳಿನ ಅಪ್ಪಣೆ. ದಣಿದ ಸ್ನಾಯುತಂತುಗಳು ಮೊದಲಿನಷ್ಟು ಬಲ ಕೊಡಲಾರವು. ಅದೇ ಬಲ ಉಳಿಯಬೇಕಾದರೆ ಮಿದುಳು ಇನ್ನಷ್ಟು ತಂತುಗಳನ್ನು ಕೆಲಸಕ್ಕೆ ಎಳೆದುಕೊಳ್ಳಬೇಕು, ಅದಕ್ಕಾಗಿ ಹೆಚ್ಚು ತೀವ್ರವಾದ ಸಂಕೇತ ಕಳುಹಿಸಬೇಕು. ಆ ಸಂಕೇತದ ಒಂದು ಪ್ರತಿ ಮಿದುಳಿನ ಸಂವೇದನಾ ಭಾಗಗಳಿಗೂ ಹೋಗುತ್ತದೆ. ನಮಗೆ ಶ್ರಮವೆಂದು ಅನಿಸುವುದು ಬಹುಮಟ್ಟಿಗೆ ಈ ಪ್ರತಿಯ ತೀವ್ರತೆಯೇ ಎಂಬುದು ಇಂದು ಹೆಚ್ಚು ಬೆಂಬಲವಿರುವ ವಿವರಣೆ. 1974ರಲ್ಲಿ ಮೆಕ್ಲಾಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ ಜನರು ಒಂದು ಕೈಯಲ್ಲಿ ತೂಕವನ್ನು ಎತ್ತಿ ಹಿಡಿದಿರುತ್ತಿದ್ದರು, ಅದಕ್ಕೆ ಸಮವೆನಿಸುವ ತೂಕವನ್ನು ಇನ್ನೊಂದು ಕೈಯಿಂದ ತೋರಿಸಬೇಕಿತ್ತು. ಮೊದಲ ಕೈ ದಣಿಯುತ್ತ ಹೋದಂತೆ, ದಣಿಯದ ಕೈ ತೋರಿಸುವ ತೂಕ ಏರುತ್ತ ಹೋಯಿತು. ಕ್ಯುರಾರೆಯಂಥ ಔಷಧವನ್ನು ಸ್ವಲ್ಪ ಪ್ರಮಾಣದಲ್ಲಿ ಕೊಟ್ಟು ಸ್ನಾಯುವನ್ನು ದುರ್ಬಲಗೊಳಿಸಿದಾಗಲೂ ಇದೇ ಕಾಣುತ್ತದೆ: ಕೆಲಸ ಅಷ್ಟೇ ಇದ್ದರೂ ಶ್ರಮ ಹೆಚ್ಚಾಯಿತೆನ್ನುತ್ತಾರೆ. ಇದಕ್ಕೆ ವಿರುದ್ಧ ದಿಕ್ಕಿನ ಪರೀಕ್ಷೆಯೂ ನಡೆದಿದೆ. ಬೆನ್ನುಹುರಿಯ ಮಟ್ಟದಲ್ಲಿ ಅರಿವಳಿಕೆ ಕೊಟ್ಟು, ಕಾಲಿನಿಂದ ಮೇಲಕ್ಕೆ ಹೋಗುವ ಸಂವೇದನೆಯನ್ನು ತಡೆದು ಸೈಕಲ್ ತುಳಿಸಿದಾಗ, ಶ್ರಮದ ಅಂಕಿ ನಿರೀಕ್ಷಿಸಿದಂತೆ ಇಳಿಯಲಿಲ್ಲ.

ಹಾಗೆಂದು ಸ್ನಾಯುವಿನಿಂದ ಬರುವ ಸುದ್ದಿಗೆ ಬೆಲೆಯಿಲ್ಲ ಎನ್ನಲಾಗದು. ಉರಿ, ಸೆಳೆತ, ನೋವು ಇವು ಅಲ್ಲಿಂದಲೇ ಬರುತ್ತವೆ. ತೊಂದರೆ ಏನೆಂದರೆ ಇವೆಲ್ಲವನ್ನೂ ನಾವು ‘ಕಷ್ಟ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಕನ್ನಡದಲ್ಲಿ ಶ್ರಮ, ದಣಿವು, ನೋವು ಎಂಬ ಮೂರು ಬೇರೆ ಮಾತುಗಳಿರುವುದು ನಮಗೆ ದೊಡ್ಡ ಅನುಕೂಲ; ಪರೀಕ್ಷೆ ಮಾಡುವಾಗ ಅವನ್ನು ಬೆರೆಸದೆ ಬಳಸಿ. ಮಂಡಿಯ ಶಸ್ತ್ರಚಿಕಿತ್ಸೆಯಾದ ಆಟಗಾರ್ತಿಯೊಬ್ಬಳು ಕಾಲು ಚಾಚುವ ವ್ಯಾಯಾಮಕ್ಕೆ, 0ರಿಂದ 10ರ ಇನ್ನೊಂದು ಮಾಪಕದಲ್ಲಿ, 8 ಎಂದಳೆನ್ನೋಣ. ತೊಡೆಯ ಸ್ನಾಯು ದುರ್ಬಲವಾಗಿರುವುದರಿಂದ 8 ಆಯಿತೇ, ಕೀಲು ನೋಯುತ್ತಿರುವುದರಿಂದ 8 ಆಯಿತೇ ಎಂಬುದರ ಮೇಲೆ ಮುಂದಿನ ವಾರದ ನಿಮ್ಮ ಚಿಕಿತ್ಸೆಯೇ ಬದಲಾಗುತ್ತದೆ. ‘ಕಾಲನ್ನು ಮೇಲೆತ್ತಲು ಎಷ್ಟು ಬಲವಾಗಿ ಯತ್ನಿಸಬೇಕಾಯಿತು?’ ಎಂಬುದು ಒಂದು ಪ್ರಶ್ನೆ, ‘ಎಷ್ಟು ನೋಯಿತು?’ ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಅಂಕಿ ಬರೆದುಕೊಳ್ಳಿ.

ಇನ್ನೊಂದು ಸಂಗತಿ. ಬಲವನ್ನು ಎರಡರಷ್ಟು ಮಾಡಿದರೆ ಅನುಭವದ ಶ್ರಮ ಎರಡರಷ್ಟಾಗುವುದಿಲ್ಲ, ಹೆಚ್ಚುಕಡಿಮೆ ಮೂರರಷ್ಟಾಗುತ್ತದೆ. ಹೊರಗಿನ ಪ್ರಮಾಣ ಏರಿದಂತೆ ಅನುಭವ ಎಷ್ಟು ಪಟ್ಟು ಏರುತ್ತದೆ ಎಂದು ಹೇಳುವ, ಮನಶ್ಶಾಸ್ತ್ರಜ್ಞ ಸ್ಟೀವನ್ಸ್ ಅವರ ಘಾತ ನಿಯಮದಲ್ಲಿ ಸ್ನಾಯುಬಲದ ಘಾತಾಂಕ ಸುಮಾರು 1.7 ಇರುವುದೇ ಇದಕ್ಕೆ ಕಾರಣ. ಬೋರ್ಗ್ 1982ರಲ್ಲಿ ಪ್ರಕಟಿಸಿದ 0ರಿಂದ 10ರ ಮಾಪಕದಲ್ಲಿ ‘ತೀವ್ರ’ ಎಂಬ ಮಾತು 5ರ ಬಳಿ, ‘ಅತಿ ತೀವ್ರ’ ಎಂಬುದು 7ರ ಬಳಿ ಇರುವುದೂ, ಮಾತುಗಳ ನಡುವಿನ ಅಂತರ ಒಂದೇ ಸಮನಾಗಿಲ್ಲದಿರುವುದೂ ಇಂಥ ಲೆಕ್ಕದಿಂದಲೇ. ಅಂಕಿಗಳನ್ನು ಉಳಿಸಿಕೊಂಡು ಮಾತುಗಳನ್ನು ತಮಗೆ ತೋಚಿದಲ್ಲಿಗೆ ಸರಿಸುವ ಚಾರ್ಟ್‌ಗಳನ್ನು ಗೋಡೆಗಳ ಮೇಲೆ ಎಷ್ಟೋ ಕಡೆ ನೋಡಿದ್ದೇನೆ. ಹಾಗೆ ಸರಿಸಿದರೆ ಅದು ಬೇರೆಯೇ ಮಾಪಕವಾಗುತ್ತದೆ, ಅದರ ಅಂಕಿಗಳನ್ನು ಪ್ರಕಟವಾದ ಯಾವ ಅಂಕಿಗೂ ಹೋಲಿಸಲಾಗದು.

ಪ್ರಶ್ನೆ: ನಾನು ಪವರ್‌ಲಿಫ್ಟರ್. ಪ್ರತಿ ಸೆಟ್ಟಿನ ನಂತರ ‘ಇನ್ನೆಷ್ಟು ರೆಪ್ಸ್ ಆಗುತ್ತಿತ್ತು?’ ಎಂದು ಕೋಚ್ ಕೇಳುತ್ತಾರೆ. ನಾನು ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ನಿಮ್ಮ ಕೋಚ್ ಬಳಸುತ್ತಿರುವುದು ಭಾರ ಎತ್ತುವವರಿಗೆಂದೇ ಬದಲಾಯಿಸಿಕೊಂಡ ಆರ್‌ಪಿಇ. ರೆಪ್ ಎಂದರೆ ಭಾರವನ್ನು ಒಮ್ಮೆ ಎತ್ತಿ ಇಳಿಸುವುದು, ಸೆಟ್ ಎಂದರೆ ಬಿಡುವಿಲ್ಲದೆ ಮಾಡುವ ರೆಪ್ಪುಗಳ ಒಂದು ಸರದಿ. ಈ ಮಾಪಕದಲ್ಲಿ 10 ಎಂದರೆ ಇನ್ನೊಂದು ರೆಪ್ ಕೂಡ ಆಗುತ್ತಿರಲಿಲ್ಲ, 9 ಎಂದರೆ ಒಂದು ಉಳಿದಿತ್ತು, 8 ಎಂದರೆ ಎರಡು, 7 ಎಂದರೆ ಮೂರು. ಬೋರ್ಗ್‌ರ ಮಾಪಕಕ್ಕಿಂತ ಇದು ಲಿಫ್ಟರ್‌ಗೆ ಹತ್ತಿರವಾದದ್ದು, ಏಕೆಂದರೆ ಇಲ್ಲಿ ವಿಶೇಷಣದ ಜಾಗದಲ್ಲಿ ಎಣಿಕೆ ಇದೆ, ಮತ್ತು ಎಣಿಕೆಯನ್ನು ಪರೀಕ್ಷಿಸಿ ನೋಡಬಹುದು.

ಅದನ್ನೇ ನೀವು ಮಾಡಬೇಕು. ತಿಂಗಳಿಗೊಮ್ಮೆ, ಅಪಾಯ ಕಡಿಮೆಯಿರುವ ಒಂದು ವ್ಯಾಯಾಮದ ಕೊನೆಯ ಸೆಟ್ಟಿನಲ್ಲಿ, ಪಕ್ಕದಲ್ಲಿ ಆಸರೆಗೆ ಒಬ್ಬರನ್ನು ನಿಲ್ಲಿಸಿಕೊಂಡು, ‘ಇನ್ನು ಎರಡು ಉಳಿದಿದೆ’ ಎನಿಸಿದ ಕ್ಷಣದಲ್ಲಿ ಅದನ್ನು ಬಾಯಿಬಿಟ್ಟು ಹೇಳಿ, ನಂತರ ಆಗುವಷ್ಟನ್ನೂ ಮಾಡಿ. ಎರಡು ಎಂದವರು ನಾಲ್ಕು, ಐದು ಮಾಡುವುದು ಸಾಮಾನ್ಯ. ಮನುಷ್ಯರು ತಮ್ಮಲ್ಲಿ ಉಳಿದಿರುವುದನ್ನು ಕಡಿಮೆಯೆಂದೇ ಅಂದಾಜು ಮಾಡುತ್ತಾರೆ, ಅದರಲ್ಲೂ ಹಗುರ ತೂಕದ ಉದ್ದ ಸೆಟ್ಟುಗಳಲ್ಲಿ ಈ ತಪ್ಪು ದೊಡ್ಡದು, ಏಕೆಂದರೆ ಹದಿನೈದನೆಯ ರೆಪ್ಪಿನ ಉರಿಯನ್ನು ಅವರು ಶ್ರಮವೆಂದೇ ತಿಳಿಯುತ್ತಾರೆ. ಭಾರ ಹೆಚ್ಚಿದ್ದಾಗ, ಸೋಲು ಹತ್ತಿರವಿದ್ದಾಗ ಅಂದಾಜು ಚೊಕ್ಕವಾಗುತ್ತದೆ. 2016ರಲ್ಲಿ ಪ್ರಕಟವಾದ ಸ್ಕ್ವಾಟ್ (ಭುಜದ ಮೇಲೆ ತೂಕದ ಬಾರ್ ಹೊತ್ತು ಕುಳಿತು ಏಳುವ ವ್ಯಾಯಾಮ) ಅಧ್ಯಯನವೊಂದರಲ್ಲಿ, ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರಕ್ಕೆ ಅನುಭವಿಗಳು ಸರಾಸರಿ 9.8 ಎಂದರೆ, ಹೊಸಬರು ಸುಮಾರು 9 ಎಂದರು. ಹೊಸಬರ ಬಾರ್ ಆಗಲೂ ಅನುಭವಿಗಳದ್ದಕ್ಕಿಂತ ವೇಗವಾಗಿಯೇ ಮೇಲೇರುತ್ತಿತ್ತು. ಅಂದರೆ ಹೊಸಬರ ‘ಗರಿಷ್ಠ’ ನಿಜವಾಗಿಯೂ ಗರಿಷ್ಠವಾಗಿರಲಿಲ್ಲ, ಮತ್ತು ಅವರ ಅಂಕಿ ಅದನ್ನು ಸರಿಯಾಗಿಯೇ ಹೇಳಿತ್ತು. ಈ ಫಲಿತಾಂಶವನ್ನು ಓದಿದಾಗಲೆಲ್ಲ ನನಗೆ ಮಾಪಕದ ಮೇಲಿನ ಗೌರವ ಹೆಚ್ಚುತ್ತದೆ.

ಆದ್ದರಿಂದ ನಿಮ್ಮ ಕೋಚ್ ನಿಮ್ಮ ಮಾತನ್ನು ಕೇಳುವಾಗ ಬಾರ್ ಕಡೆಗೂ ನೋಡುತ್ತಿರಲಿ. ಮೇಲೇಳುವಾಗ ಬಾರ್ ನಡುದಾರಿಯಲ್ಲಿ ನಿಧಾನಿಸಿದರೆ, ಮೊಣಕಾಲು ಒಳಕ್ಕೆ ವಾಲಿದರೆ, ನೀವು 7 ಎಂದರೂ ಅದು 7 ಅಲ್ಲ. ವೇಗ ಅಳೆಯುವ ಸಾಧನವಿದ್ದರೆ ಅದರ ಅಂಕಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಕೆಲವು ತಿಂಗಳಲ್ಲಿ ನಿಮ್ಮ 8 ಎಂದರೆ ಬಾರ್‌ನ ಎಷ್ಟು ವೇಗ ಎಂಬುದು ಇಬ್ಬರಿಗೂ ತಿಳಿದುಬಿಡುತ್ತದೆ.

ಪ್ರಶ್ನೆ: ನಿದ್ದೆ ಕೆಟ್ಟಾಗ, ಪರೀಕ್ಷೆಯ ದಿನಗಳಲ್ಲಿ ನನ್ನ ಆಟಗಾರರ ಅಂಕಿ ಏರುತ್ತದೆ. ಸ್ನಾಯು ಮಾತ್ರ ಹಾಗೆಯೇ ಇದೆ. ಆಗ ಅಂಕಿ ತಪ್ಪು ಎನ್ನಬೇಕಲ್ಲವೇ?

ಉತ್ತರ: ಅಂಕಿ ತಪ್ಪಲ್ಲ, ಅದರಿಂದ ಸ್ನಾಯುವಿನ ಬಗ್ಗೆ ಮಾತ್ರ ತೀರ್ಮಾನ ತೆಗೆಯುವುದು ತಪ್ಪು. ಸಂಶೋಧಕ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಜನರು 90 ನಿಮಿಷ ಕಂಪ್ಯೂಟರಿನ ಮುಂದೆ ಗಮನ ಬೇಡುವ ಕೆಲಸ ಮಾಡಿ ಆಮೇಲೆ ಸೈಕಲ್ ತುಳಿದರು. ಮನಸ್ಸು ದಣಿಯದ ದಿನ ಅವರು ಸರಾಸರಿ 754 ಸೆಕೆಂಡು ತುಳಿದಿದ್ದರು, ದಣಿದ ದಿನ 640 ಸೆಕೆಂಡಿಗೆ ಸೋತರು. ಹೃದಯ, ಉಸಿರಾಟಗಳು ಅವರನ್ನು ತಡೆದದ್ದಕ್ಕೆ ಪುರಾವೆ ಸಿಗಲಿಲ್ಲ. ಶ್ರಮದ ಅಂಕಿ ಆರಂಭದಿಂದಲೇ ಮೇಲಿತ್ತು, ಬೇಗ ಗರಿಷ್ಠಕ್ಕೆ ಮುಟ್ಟಿತು. ಕೆಫೀನ್ ಇದಕ್ಕೆ ವಿರುದ್ಧವಾಗಿ ಅಂಕಿಯನ್ನು ಸುಮಾರು ಶೇ 5ರಿಂದ 6ರಷ್ಟು ಇಳಿಸುತ್ತದೆ. ಮೈದಾನದಲ್ಲಿ ಸೋಲುವುದು ಇಡೀ ಮನುಷ್ಯ, ಬರೀ ಸ್ನಾಯುವಲ್ಲ. ಹಾಗಾಗಿ ಈ ಏರಿಳಿತವನ್ನು ಅಳಿಸಿಹಾಕಬೇಡಿ. ಆದರೆ ಸ್ನಾಯುವಿನ ಪ್ರಗತಿಯನ್ನೇ ಹೋಲಿಸಬೇಕಾದ ದಿನ ಹೊತ್ತು, ನಿದ್ದೆ, ವಾರ್ಮ್‌ಅಪ್, ಕೆಫೀನ್ ಎಲ್ಲವೂ ಹಿಂದಿನ ಪರೀಕ್ಷೆಯ ದಿನದಂತೆಯೇ ಇರಲಿ.

ಪ್ರಶ್ನೆ: ತಂಡದ ಎಲ್ಲರ ಅಭ್ಯಾಸದ ಹೊರೆಯನ್ನು ಒಂದೇ ಅಂಕಿಯಲ್ಲಿ ಹಿಡಿಯುವ ಉಪಾಯವಿದೆಯೇ?

ಉತ್ತರ: ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಸೆಷನ್ ಆರ್‌ಪಿಇ ಅಂಥದ್ದು. ಅಭ್ಯಾಸ ಮುಗಿದು ಸುಮಾರು 30 ನಿಮಿಷವಾದ ಮೇಲೆ, ಒಟ್ಟಾರೆ ಎಷ್ಟು ಕಷ್ಟವಾಯಿತು ಎಂದು 0ರಿಂದ 10ರಲ್ಲಿ ಕೇಳಿ, ಅದನ್ನು ನಿಮಿಷಗಳಿಂದ ಗುಣಿಸಬೇಕು. 60 ನಿಮಿಷದ ಅಭ್ಯಾಸಕ್ಕೆ 6 ಎಂದರೆ 360. ಅರ್ಧ ಗಂಟೆ ಕಾಯುವುದು ಕೊನೆಯ ಓಟದ ಏದುಸಿರು ಇಡೀ ಅಭ್ಯಾಸದ ತೀರ್ಪನ್ನು ಬದಲಿಸದಿರಲಿ ಎಂದು. 90 ನಿಮಿಷಕ್ಕೆ 4 ಎಂದರೂ 360 ಬರುತ್ತದೆ, ಆದರೆ ಅವೆರಡೂ ಸ್ನಾಯುವಿಗೆ ಒಂದೇ ಅಲ್ಲ. ಗುಣಲಬ್ಧದ ಜೊತೆಗೆ ಮೂಲದ ಎರಡು ಅಂಕಿಗಳನ್ನೂ ಉಳಿಸಿಕೊಳ್ಳಿ. ಕಾಲಿನ ಶ್ರಮ, ಉಸಿರಿನ ಶ್ರಮ ಎಂದು ಬೇರೆ ಬೇರೆಯಾಗಿ ಕೇಳುವವರೂ ಇದ್ದಾರೆ. ನಿಮ್ಮದು ತಿರುವುಗಳು, ಜಿಗಿತಗಳು ಹೆಚ್ಚಿರುವ ಆಟವಾದರೆ ಹಾಗೆ ಕೇಳುವುದೇ ಒಳ್ಳೆಯದು. ಫಾಸ್ಟರ್ ಮತ್ತು ಸಂಗಡಿಗರೇ 2001ರಲ್ಲಿ ತೋರಿಸಿದ ಇನ್ನೊಂದು ಸಂಗತಿ ಪ್ರತಿ ಕೋಚ್ ತಿಳಿದಿರಬೇಕಾದದ್ದು: ಕೋಚ್ ಹಗುರವೆಂದುಕೊಂಡ ದಿನ ಓಟಗಾರರು ಅದಕ್ಕಿಂತ ಹೆಚ್ಚು ಶ್ರಮಪಟ್ಟಿದ್ದರು, ಕಠಿಣವೆಂದುಕೊಂಡ ದಿನ ಅದಕ್ಕಿಂತ ಕಡಿಮೆ. ಕೇಳದಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ, ಈಜು ಕಲಿಯುತ್ತಿದ್ದಾಳೆ. ಅವಳೂ ಈ ಅಂಕಿ ಹೇಳಬಲ್ಲಳೇ?

ಉತ್ತರ: ಹೇಳಬಲ್ಲಳು. ಮಕ್ಕಳಿಗಾಗಿ ಚಿತ್ರಗಳಿರುವ ಓಮ್ನಿ ಮಾಪಕವಿದೆ; 0ರಿಂದ 10ರವರೆಗೆ ಏರು ಹತ್ತುತ್ತಿರುವ ಮಗುವಿನ ಚಿತ್ರಗಳು ಅದರಲ್ಲಿವೆ. ಆರಾಮವಾಗಿ ತೇಲುವಾಗ ಮೊದಲ ಚಿತ್ರವನ್ನು, ಒಮ್ಮೆ ಪೂರ್ತಿ ವೇಗದಲ್ಲಿ ಈಜಿದ ಕೂಡಲೇ ಕೊನೆಯ ಚಿತ್ರವನ್ನು ತೋರಿಸಿ ಎರಡು ತುದಿಗಳ ಪರಿಚಯ ಮಾಡಿಸಿ. ಉತ್ತರಕ್ಕೆ ಬಹುಮಾನವೂ ಬೇಡ, ಆಕ್ಷೇಪವೂ ಬೇಡ.

ಪ್ರಶ್ನೆ: ನಿಜವಾದ ಅಂಕಿ ಹೇಳಿದರೆ ತಂಡದಿಂದ ಕೈಬಿಡುತ್ತಾರೆ ಎಂಬ ಭಯದಲ್ಲಿ ನಾನು 9 ಆದದ್ದನ್ನು 6 ಎನ್ನುತ್ತೇನೆ. ಬೇರೆಯವರೂ ಹೀಗೇ ಮಾಡುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಮೂರು ಬಾರಿ ಓದಿದೆ. ತಪ್ಪನ್ನು ನಿಮ್ಮೊಬ್ಬರ ಮೇಲೆ ಹೊರಿಸಲಾರೆ. ಕೇಳುವವನ ಮುಖ ನೋಡಿ ಹೇಳುವವನು ಅಂಕಿ ಬದಲಿಸುತ್ತಾನೆ ಎಂಬುದನ್ನು ನಾನು ಈ ಕೆಲಸದ ಮೊದಲ ವರ್ಷಗಳಲ್ಲೇ ಕಂಡಿದ್ದೇನೆ. ಒಬ್ಬ ಓಟಗಾರ ಸ್ನಾಯುವಿನ ಬಲ ಅಳೆಯುವ ಡೈನಮೋಮೀಟರಿನ ಕುರ್ಚಿಯಲ್ಲಿ ಕುಳಿತಿದ್ದ. ತೊಡೆಯ ಪಟ್ಟಿ ಬಿಗಿದಿತ್ತು, ಎರಡೂ ಕೈಗಳಿಂದ ಹಿಡಿಗಳನ್ನು ಅವುಚಿ ಹಿಡಿದಿದ್ದ. ಪರದೆಯ ಮೇಲಿನ ಗೆರೆ ಪ್ರತಿ ಪ್ರಯತ್ನಕ್ಕೂ ಕೆಳಗಿಳಿಯುತ್ತಿತ್ತು. ನಾನು ಚಾರ್ಟ್ ಹಿಡಿದು ‘ಪರವಾಗಿಲ್ಲ ಅಲ್ಲವೇ?’ ಎಂದೆ. ಅವನು ಬಾಗಿಲ ಬಳಿ ನಿಂತಿದ್ದ ತನ್ನ ಕೋಚ್ ಕಡೆ ನೋಡಿ ‘ಐದು’ ಎಂದ. ಹಾಗೆ ಹೇಳುವಾಗ ಅವನ ತೊಡೆ ಇನ್ನೂ ನಡುಗುತ್ತಿತ್ತು. ಆ ಐದನ್ನು ನಾನು ಬರೆದುಕೊಂಡೆ, ಅದರ ಆಧಾರದ ಮೇಲೆ ಅವನ ಅಭ್ಯಾಸವನ್ನು ಹೆಚ್ಚಿಸಲಾಯಿತು. ಎರಡು ವಾರದೊಳಗೆ ಅವನ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಹರಿದದ್ದಕ್ಕೆ ಅದೊಂದೇ ಕಾರಣವೆಂದು ಹೇಳಲಾಗದು, ಆದರೆ ನಾನು ಪ್ರಶ್ನೆ ಕೇಳಿದ ರೀತಿ ತಪ್ಪಾಗಿತ್ತು, ಕೇಳಿದ ಜಾಗವೂ ತಪ್ಪಾಗಿತ್ತು. ಅಂದಿನಿಂದ ನಾನು ಉತ್ತರವನ್ನು ಸೂಚಿಸುವ ಮಾತನ್ನು ಬಿಟ್ಟಿದ್ದೇನೆ, ಕೋಚ್ ಎದುರಿಗೆ ಕೇಳುವುದನ್ನೂ ಬಿಟ್ಟಿದ್ದೇನೆ.

ನಿಮ್ಮ ಕೋಚ್ ಬಳಿ ಕೇಳಬಹುದಾದದ್ದು ಇಷ್ಟು. ಅಂಕಿಯನ್ನು ಎಲ್ಲರೆದುರು ಕೂಗಿ ಹೇಳಿಸದೆ ಚೀಟಿಯಲ್ಲಾಗಲಿ ಫೋನಿನಲ್ಲಾಗಲಿ ಒಬ್ಬೊಬ್ಬರಿಂದ ಬೇರೆಯಾಗಿ ಪಡೆಯಲಿ, ಮತ್ತು ತಂಡದ ಆಯ್ಕೆಗೆ ಅದನ್ನು ಬಳಸುವುದಿಲ್ಲ ಎಂದು ಮೊದಲೇ ಸ್ಪಷ್ಟವಾಗಿ ಹೇಳಲಿ. 2016ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಸಮೀಕ್ಷೆಯ ಪ್ರಕಾರ, ತರಬೇತಿಯ ಹೊರೆ ಬದಲಾದಾಗ ರಕ್ತಪರೀಕ್ಷೆ, ನಾಡಿಬಡಿತಗಳಂಥ ಹೊರಗಿನ ಅಳತೆಗಳಿಗಿಂತ ಆಟಗಾರರು ತಾವೇ ಹೇಳಿಕೊಳ್ಳುವ ಅಳತೆಗಳು ಅದನ್ನು ಹೆಚ್ಚು ಸೂಕ್ಷ್ಮವಾಗಿ, ಹೆಚ್ಚು ಸ್ಥಿರವಾಗಿ ತೋರಿಸುತ್ತವೆ. ಆಯ್ಕೆಯ ಭಯವಿದ್ದರೆ ಆ ಸೂಕ್ಷ್ಮತೆಯೇ ಕೋಚ್ ಕೈತಪ್ಪುತ್ತದೆ ಎಂಬ ಮಾತನ್ನು ಅವರ ಮುಂದಿಡಿ. ಅವರು ಒಪ್ಪುವವರೆಗೂ ನಿಮ್ಮ ನಿಜವಾದ ಅಂಕಿಯನ್ನು, ಆ ದಿನ ಮಾಡಿದ ಕೆಲಸದ ಜೊತೆಗೆ, ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದೇ ತೂಕ, ಅದೇ ವೇಗಕ್ಕೆ ಅದು ಎರಡು ವಾರ ಬಿಡದೆ ಏರುತ್ತಿದ್ದರೆ ಆ ಪುಟಗಳನ್ನು ತಂಡದ ಫಿಸಿಯೋಗೆ ತೋರಿಸಿ.